ಮಿಂಚವ್ವನ ಕಡೆಯವರು

ಬೆಳಕವಾಡಿ
೧೭-೧೧-೧೯೪೩, ಬುಧವಾರ

ಮಹದೇವಯ್ಯನವರಿಗೆ,

ಜಯಲಕ್ಷ್ಮಿಯ ನಮಸ್ಕಾರ. ನಿಮ್ಮ ಹೆಸರನ್ನು ಬರೆದದ್ದು ಇದೇ ಮೊದಲು. ಮದುವೆಯಲ್ಲಿ ಹೆಸರು ಹೇಳಿಸುವ ಶಾಸ್ತ್ರದಲ್ಲೂ ನಾಚಿಕೊಂಡು ಬಾಯೊಳಗೇ ನುಂಗಿಬಿಟ್ಟಿದ್ದೆ. ಗಂಡನ ಹೆಸರು ಹಿಡಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಹಿರಿಯರು ಹೆದರಿಸಿದ್ದರು. ಬರೆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಏನೂ ಆಗಲಿಲ್ಲ. ನೀವು ಕ್ಷೇಮವಾಗಿಯೇ ಇದ್ದೀರೆಂದು ನಂಬಿದ್ದೇನೆ.

ನಿಮ್ಮ ಲಕೋಟೆ ಮೊನ್ನೆ ಸೋಮವಾರ ಬಂತು. ಒಳಗಿದ್ದ ಪತ್ರಿಕೆಯ ಹಾಳೆಯನ್ನೂ ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದ ಸಾಲುಗಳನ್ನೂ ನೋಡಿದೆ. 'ಇದನ್ನು ಓದು. ಅರ್ಥವಾದರೆ ಹೊರಡಲು ಸಿದ್ಧಳಾಗಿರು. ಬರುವ ಸೋಮವಾರ ಬರುತ್ತೇನೆ. ನಿನ್ನ ಅಜ್ಜಿಯ ಉಳಿದ ಕಥೆಗಳನ್ನು ಅಷ್ಟರಲ್ಲಿ ನೆನಪು ಮಾಡಿಕೊಂಡಿರು.' ಹಾಳೆ ಕಳಿಸುವ ಶ್ರಮ ಬೇಕಿರಲಿಲ್ಲ. ಯುದ್ಧದ ಸುದ್ದಿಗೆಂದು ನಮ್ಮಣ್ಣ ಬೆಟ್ಟಯ್ಯ ಅದೇ ಪತ್ರಿಕೆಯನ್ನು ತರಿಸುತ್ತಾನೆ. ಕಾಗದದ ಅಭಾವದಿಂದ ಅದು ಈಗ ವೀಳ್ಯದೆಲೆಯಷ್ಟು ತೆಳ್ಳಗಾಗಿದ್ದರೂ ನಿಮ್ಮ ಧಾರಾವಾಹಿಗೆ ಮಾತ್ರ ಕತ್ತರಿ ಬಿದ್ದಿಲ್ಲ. ಆ ಕಂತು ಶುಕ್ರವಾರವೇ ಊರಿಗೆ ಬಂದಿತ್ತು. ಶನಿವಾರ ಅದನ್ನು ನಾನು ಹೆಂಗಸರಿಗೆಲ್ಲ ಓದಿ ಹೇಳಿದ್ದೂ ಆಗಿತ್ತು.

ನಿಮಗಿದು ಗೊತ್ತಿಲ್ಲ. ತವರಿಗೆ ಬಂದಾಗಿನಿಂದ ಪ್ರತಿ ಶನಿವಾರ ಮಧ್ಯಾಹ್ನ, ಹೊಲದ ಕೆಲಸ ಮುಗಿಸಿ ಬಂದವರಿಗೆ, 'ಮೇಘವಾಹನ' ಎಂಬ ಹೆಸರಿನಲ್ಲಿ ನೀವು ಬರೆಯುವ ಕಥೆಯನ್ನು ಓದುತ್ತೇನೆ. ಮೊದಲು ನಮ್ಮ ಜಗಲಿಯ ಮೇಲೆ ಓದುತ್ತಿದ್ದೆ. ಆಚೆ ಕೇರಿಯ ಪುಟ್ಟಮಾದಮ್ಮ ಬೀದಿಯಲ್ಲೇ ನಿಂತು ಕೇಳುತ್ತಿದ್ದಳು. ಅವಳನ್ನು ಜಗಲಿ ಹತ್ತಿಸಲು ಅಣ್ಣ ಒಪ್ಪಲಿಲ್ಲ, ಅದಕ್ಕೆ ನಾನೇ ಜಗಲಿ ಇಳಿದೆ. ಈಗ ನಮ್ಮ ಅಂಗಳದ ಹೊಂಗೆ ಮರದ ಕೆಳಗೆ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತೇವೆ. ಅಣ್ಣ ಒಂದು ತಿಂಗಳು ಮುಖ ಊದಿಸಿಕೊಂಡಿದ್ದು ಸುಮ್ಮನಾದ.

ನಿಮ್ಮ ತಟಿಲ್ಲತಾದೇವಿಯ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಅರ್ಥವೇನೆಂದು ಕೇಳಿದರು. ಮಿಂಚಿನ ಬಳ್ಳಿ ಎಂದೆ. ಅಂದಿನಿಂದ ಅವಳು ಮಿಂಚವ್ವ. ಸಿಡಿಲನ್ನು ಮುಷ್ಟಿಯಲ್ಲಿ ಹಿಡಿಯುವವಳು, ರೆಕ್ಕೆಯ ಮೊಸಳೆಯ ಬೆನ್ನೇರಿ ಮೋಡದ ಮೇಲಿನ ಮೆಟ್ಟಿಲಿಲ್ಲದ ಕೋಟೆಗೆ ಹಾರುವವಳು. ಜಯಕೇತು ರಾಜ ತನ್ನ ಅರಮನೆಗೆ ದೀಪವಾಗಿರು ಎಂದಾಗ ಒಲ್ಲೆನೆಂದು ಎದ್ದು ಹೋದವಳು. ಶಿವನಸಮುದ್ರದಲ್ಲಿ ನೀರು ಬಿದ್ದು ಕರೆಂಟು ಹುಟ್ಟುವುದನ್ನು ಕಂಡ ಊರಿನವರಿಗೆ ಇದೇನು ಕಟ್ಟುಕಥೆಯೇ? ನಮ್ಮ ಹೊಳೆಯ ಕರೆಂಟು ನಿಮ್ಮ ಬೆಂಗಳೂರಿನ ಕೋಣೆಯಲ್ಲಿ ಉರಿಯುತ್ತದೆ, ನಮಗೆ ಸೀಮೆಎಣ್ಣೆಯೂ ಅಳತೆಯ ಮೇಲೆ. ಮಿಂಚವ್ವ ಏಳು ಹೆಡೆಯ ಸರ್ಪದ ಬಾವಿಯಿಂದ ಪಾರಾದ ವಾರ ಮುದ್ದಮ್ಮ ಪಟ್ಟಲದಮ್ಮನ ಗುಡಿಯಲ್ಲಿ ತೆಂಗಿನಕಾಯಿ ಒಡೆಸಿದಳು. ಅವಳ ಮನೆಯ ಕರುವಿಗೂ ಮಿಂಚವ್ವ ಎಂದೇ ಹೆಸರು.

ಇಂಥವರ ಮುಂದೆ ನಾನು ಶನಿವಾರದ ಕಂತನ್ನು ಓದಿದೆ. ಮಿಂಚವ್ವ ತಾನಾಗಿ ಕೋಟೆಯಿಂದ ಇಳಿದು, ಮಳೆಯಲ್ಲಿ ತೊಯ್ದು, ಕೈಯ ಸಿಡಿಲನ್ನು ಆರಿಸಿಕೊಂಡು ರಾಜನ ಪಾದದ ಮೇಲೆ ಬೀಳುತ್ತಾಳೆ. 'ನಾಥಾ, ಅಹಂಕಾರದಿಂದ ಕುರುಡಾಗಿದ್ದೆ, ಈ ದಾಸಿಯನ್ನು ಸ್ವೀಕರಿಸಿ' ಎನ್ನುತ್ತಾಳೆ. ರಾಜ ಅವಳ ಗಲ್ಲವನ್ನು ಒಂದು ಬೆರಳಿನಿಂದ ಎತ್ತಿ ಮುಗುಳ್ನಗುತ್ತಾನೆ.

ನಾನು ತಪ್ಪು ಓದಿದೆನೆಂದು ಅವರೆಣಿಕೆ. 'ಹಾಳೆ ಅಂಟ್ಕಂಡದೆ ನೋಡವ್ವ, ನಡುವೆ ಏನೋ ಬುಟ್ಬುಟ್ಟೆ' ಎಂದಳು ಪುಟ್ಟಮಾದಮ್ಮ. ಮತ್ತೊಮ್ಮೆ ಓದಿದೆ. ಮುದ್ದಮ್ಮ ಪತ್ರಿಕೆಯನ್ನು ಕಿತ್ತುಕೊಂಡು ಚಿತ್ರ ನೋಡಿದಳು. 'ಇಲ್ಲೂ ಕಾಲ ಮ್ಯಾಲೇ ಬಿದ್ದವ್ಳೆ ಕಣಮ್ಮ! ಯಾವನವ್ವ ಇದ ಬರ್ದೋನು? ಅವ್ನ ಕೈ ಸೇದೋಗ! ಒಂದ್ ಬೆಳ್ಳಲ್ಲಿ ಎತ್ತುದ್ನಂತೆ, ಎಲ್ಡು ಕೈ ಎಲ್ಲೋಗಿದ್ದೋ ಇವ್ನಿಗೆ?' ಎಂದು ಕೂಗಿದಳು. ಆಮೇಲೆ ಒಬ್ಬೊಬ್ಬರೂ ಶುರುವಿಟ್ಟರು. ಮೋಡದ ಮೇಲೆ ಅವಳಿಗೆ ಏನು ಕಡಿಮೆಯಾಗಿತ್ತು, ಮೊಸಳೆ ಎಲ್ಲಿ ಹೋಯಿತು, ಮಳೆಯಲ್ಲಿ ಹುಟ್ಟಿದವಳಿಗೆ ಮಳೆಯಲ್ಲಿ ಚಳಿಯಾಗುವುದುಂಟೆ ಎಂದೆಲ್ಲ. ಹಿರಿಯಳಾದ ದೊಡ್ಡತಾಯಮ್ಮ ಕೊನೆಯವರೆಗೂ ಎಲೆಯಡಿಕೆ ಜಗಿಯುತ್ತಾ ಕೂತಿದ್ದಳು. ಆಮೇಲೆ ಒಂದೇ ಮಾತು ಹೇಳಿದಳು. 'ಅವ್ಳು ಇಳೀನಿಲ್ಲ ಬುಡಿ. ಮಿಂಚು ಕೆಳೀಕೆ ಬಂದ್ರೆ ಸುಡಕ್ಕೇಯ ಬರದು, ಸರಣು ಅನ್ನಕ್ಕಲ್ಲ.'

ನಿಮ್ಮ ಪರವಾಗಿ ಮಾತಾಡಿದವಳು ಒಬ್ಬಳೇ. ಅದನ್ನೂ ಬರೆಯಬೇಕು. ಬೆಳ್ಳಮ್ಮನ ಗಂಡ ಕೋಲಾರದ ಚಿನ್ನದ ಗಣಿಗೆ ಹೋದವನು ತಿರುಗಿ ನೋಡಿಲ್ಲ. 'ಕರೆಯೋ ಗಂಡ ಇದ್ರೆ ಓಗದ್ರಲ್ಲಿ ತಪ್ಪೇನವ್ವ? ನಂಗ್ಯಾರಾರ ಒಂದ್ಕಿತ ಬಾ ಅಂದಿದ್ರೆ ಕೋಟೆನೂ ಬ್ಯಾಡ, ಮಿಂಚೂ ಬ್ಯಾಡ ಅಂತಿದ್ದೆ' ಎಂದಳು. 'ಕರುದ್ರೆ ನಾಯೂ ಓಯ್ತದೆ ಕಣ್ ಬೆಳ್ಳಿ' ಎಂದುಬಿಟ್ಟಳು ಮುದ್ದಮ್ಮ. ಬೆಳ್ಳಮ್ಮ ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದಳು. ಅವಳ ಹಿಂದೆ ಹೋಗಲು ನನಗೆ ಕಾಲು ಬರಲಿಲ್ಲ. ಅವಳು ಹೇಳಿದ್ದು ನನ್ನ ಮನಸ್ಸಿನ ಒಂದು ಮೂಲೆಯಲ್ಲೂ ಇತ್ತು.

ಹೌದು. ನಿಮ್ಮಿಂದ ಮುಚ್ಚಿಡುವುದಿಲ್ಲ. ಸೋಮವಾರ ನಿಮ್ಮ ಲಕೋಟೆಯ ಜೊತೆಗೆ ಅಣ್ಣನಿಗೂ ನಿಮ್ಮ ಕಾಗದ ಬಂತು. ಅವನು ಓದಿ, 'ಭಾವ ತಾವಾಗಿ ಬಂದು ಕರ್ಕೊಂಡೋಯ್ತಾರೆ. ಇನ್ನೇನು ಬೇಕು ನಿಂಗೆ? ಎಷ್ಟು ದಿನ ಅಂತ ತವರಲ್ಲಿ ಕೂತಿರ್ತೀಯ?' ಎಂದ. ನಾನು ಒಳಗೆ ಹೋಗಿ ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕಿದೆ. ಮದುವೆಯಾದ ಹೊಸತರಲ್ಲಿ ಮದ್ದೂರಿನ ಸ್ಟೇಷನ್ನಿನಲ್ಲಿ ನೀವು ನನಗೆ ಕೊಡಿಸಿದ ವಡೆ ನೆನಪಾಯಿತು. ಅದರ ಬಿಸಿಗೆ ನಾನು ಕೈ ಒದರಿದ್ದು, ನೀವು ನಕ್ಕು ನಿಮ್ಮ ಕರವಸ್ತ್ರದಲ್ಲಿ ಹಿಡಿದುಕೊಟ್ಟಿದ್ದು. ಮಂಚದ ಮೇಲೆ ಮಲಗಿ 'ಆಮೇಲೆ? ಆಮೇಲೆ?' ಎಂದು ನಮ್ಮಜ್ಜಿಯ ಸಿಡಿಲು ಹಿಡಿಯುವ ಹೆಂಗಸಿನ ಕಥೆ ಹೇಳಿಸಿಕೊಳ್ಳುತ್ತಿದ್ದುದು. ನನ್ನ ಕಥೆ ಕೇಳಲು ಇಷ್ಟು ಆಸೆಪಡುವ ಗಂಡ ಯಾರಿಗೆ ಸಿಗುತ್ತಾನೆಂದು ಬೀಗಿದ್ದೆ.

ಬೆಂಗಳೂರಿನ ನಮ್ಮ ಕೋಣೆಯಲ್ಲಿ ಸೇರಿದ್ದ ನಿಮ್ಮ ಸ್ನೇಹಿತರ ಕೂಟವೂ ನೆನಪಾಯಿತು. ಅವರು ನಿಮ್ಮ ಕಥೆಯನ್ನು ಹೊಗಳುತ್ತಿದ್ದಾಗ ಕಾಫಿ ತಂದವಳು ಖುಷಿಯಿಂದ, ಮೊಸಳೆ ಹಾರುವ ಭಾಗ ನಮ್ಮಜ್ಜಿಯದು ಎಂದೆ. 'ಇವಳಿಗೆ ಓದಲು ಬರುವುದು ಕಾಫಿಪುಡಿಯ ಪೊಟ್ಟಣ ಮಾತ್ರ' ಎಂದು ನೀವು ನಗಿಸಿದಿರಿ. ಅವರೆಲ್ಲ ಹೋದ ಮೇಲೆ ನೀವು ಮಾಡಿದ್ದನ್ನು ಬರೆಯುವುದಿಲ್ಲ. ನನ್ನ ಎಡಗಿವಿ ಈಗಲೂ ಒಮ್ಮೊಮ್ಮೆ ಗುಂಯ್ ಎನ್ನುತ್ತದೆ. ಇಲ್ಲಿ ಯಾರಿಗೂ ಹೇಳಿಲ್ಲ, ಅವ್ವನಿಗೂ. ಅಷ್ಟೆಲ್ಲ ನೆನಪಾದರೂ ಟ್ರಂಕಿನ ಮುಚ್ಚಳ ಹಾಕಿದೆ. ಅಷ್ಟು ದಣಿದಿದ್ದೆ.

ನಿನ್ನೆ ಮಂಗಳವಾರ. ಓದುವ ದಿನವಲ್ಲ, ರಾಗಿ ಕೊಯ್ಲಿನ ಕಾಲ ಬೇರೆ. ಆದರೂ ಮಧ್ಯಾಹ್ನ ಅವರೆಲ್ಲ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದಿಂದ ನೇರ ಹೊಂಗೆ ಮರದ ಹತ್ತಿರ ಬಂದರು. ಬೆಳ್ಳಮ್ಮನೂ ಬಂದಿದ್ದಳು, ಸ್ವಲ್ಪ ದೂರದಲ್ಲಿ ನಿಂತಿದ್ದಳು. ಮುದ್ದಮ್ಮ ಹೇಳಿದಳು: 'ಮೂರ್ ದಿಸದಿಂದ ಕೂಳು ಸೇರ್ತಿಲ್ಲ ಕಣವ್ವ. ಆ ಪೇಪರ್‌ನೋನ್ದು ಬ್ಯಾಡ. ನೀನೇ ಸರಿಯಾಗಿ ಮುಗ್ಸು.'

ನನಗೆ ಬರುವುದಿಲ್ಲ ಎಂದೆ. 'ಬತ್ತದೆ, ಯೋಳು' ಎಂದಳು ದೊಡ್ಡತಾಯಮ್ಮ.

ಕೈಯಲ್ಲಿ ಪತ್ರಿಕೆಯಿಲ್ಲದೆ ಅವರ ಮುಂದೆ ಕೂತದ್ದು ಅದೇ ಮೊದಲು. ಮಿಂಚವ್ವ ಕೋಟೆಯಿಂದ ಇಳಿದದ್ದು ನಿಜ ಎಂದು ಶುರುಮಾಡಿದೆ. ಮುದ್ದಮ್ಮ ಬಾಯಿ ತೆಗೆದಳು, ಪುಟ್ಟಮಾದಮ್ಮ ಅವಳ ತೊಡೆ ತಿವಿದು ಸುಮ್ಮನಾಗಿಸಿದಳು. ಇಳಿದಳು, ಯಾಕೆಂದರೆ ಅವಳಿಗೆ ರಾಜನ ಮೇಲೆ ಮನಸ್ಸಿತ್ತು. ಮಳೆಯಲ್ಲಿ ಅರಮನೆಯ ಬಾಗಿಲವರೆಗೆ ಬಂದಳು. ಬಾಗಿಲು ತಟ್ಟಿದಳು. ರಾಜ ಮಂಚದಿಂದ ಏಳಲಿಲ್ಲ. ಒಳಗಿಂದಲೇ ಕೇಳಿದ: 'ಮಿಂಚು ತಂದಿದ್ದೀಯಾ?'

ಬಂದೆಯಾ ಎಂದು ಕೇಳಲಿಲ್ಲ. ನೆನೆದಿದ್ದೀಯಾ ಎಂದು ಕೇಳಲಿಲ್ಲ. ಮಿಂಚು ತಂದಿದ್ದೀಯಾ ಎಂದ.

ನಿಮ್ಮ ಕೆಂಪು ಶಾಯಿಯ ಸಾಲು ನನಗೆ ಅರ್ಥವಾದದ್ದು ಆ ಮಾತು ನನ್ನ ಬಾಯಿಂದ ಬಂದಾಗಲೇ. ನಿಮ್ಮ ಕಥೆ ಬತ್ತುತ್ತಾ ಬಂದಿದೆ. ನಿಮಗೆ ಬೇಕಾದವಳು ನಾನಲ್ಲ, ನಮ್ಮಜ್ಜಿ.

ಮುಂದಿನದು ಸಲೀಸಾಗಿ ಬಂತು. ಮಿಂಚವ್ವ ಬಾಗಿಲ ಹೊರಗಿಂದಲೇ, 'ತಂದಿದ್ದೇನೆ, ನೋಡು' ಎಂದು ಮುಷ್ಟಿ ಬಿಚ್ಚಿದಳು. ಅರಮನೆಯ ದೀಪಗಳೆಲ್ಲ ಒಮ್ಮೆ ಹಗಲಿನಂತೆ ಉರಿದು ಸಿಡಿದು ಆರಿದವು. ಆ ಬೆಳಕಿನಲ್ಲಿ ಹಟ್ಟಿ ಹಟ್ಟಿಯ ಹೆಂಗಸರೂ ಅವಳ ಮುಖ ಕಂಡರು. ಅವಳು ಅಳುತ್ತಿದ್ದಳು. ಅಳುತ್ತಲೇ ಮೊಸಳೆ ಹತ್ತಿದಳು. ರಾಜ ಬರಿಗಾಲಲ್ಲಿ ಓಡಿಬಂದು ಕತ್ತಲೆಯಲ್ಲಿ ಕೂಗಿದ. ಅವಳು ಕೇಳಿಸಿಕೊಂಡಳು. ತಿರುಗಲಿಲ್ಲ.

ಮುದ್ದಮ್ಮ ಕೇಕೆ ಹಾಕಿದಳು. ಪುಟ್ಟಮಾದಮ್ಮ ಎರಡೂ ಕೈಯಲ್ಲಿ ನನ್ನ ಮುಖಕ್ಕೆ ದೃಷ್ಟಿ ನಿವಾಳಿಸಿದಳು, ನಮ್ಮ ಅಂಗಳದಲ್ಲಿ, ಎಲ್ಲರ ಎದುರಿಗೆ. ತಿರುಗಿ ನೋಡಿದರೆ ಅಣ್ಣ ಎತ್ತಿನ ಹಗ್ಗ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದ. ಬೆಳಿಗ್ಗೆ ಎದ್ದಾಗ ಅವ್ವ ಟ್ರಂಕಿನ ಸೀರೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹರವಿದ್ದಳು. 'ಮುಗ್ಗು ವಾಸ್ನೆ ಬತ್ತಿತ್ತು' ಎಂದಳು. ಅಷ್ಟೇ.

ಆದ್ದರಿಂದ ಬರೆಯುತ್ತೇನೆ: ನಾನು ಬರುವುದಿಲ್ಲ. ನೀವು ಸೋಮವಾರ ಬರುವುದಾದರೆ ಬನ್ನಿ. ಮದ್ದೂರಿನಲ್ಲಿ ರೈಲಿಳಿದು ಪೆಟ್ರೋಲಿಲ್ಲದ್ದಕ್ಕೆ ಇದ್ದಿಲಲ್ಲಿ ಓಡುವ ಮಳವಳ್ಳಿಯ ಬಸ್ಸು ಹಿಡಿದರೆ ಏರಿನಲ್ಲೆಲ್ಲ ಇಳಿದು ತಳ್ಳಬೇಕಾಗುತ್ತದೆ, ಹಳೆಯ ಪಂಚೆ ಉಟ್ಟುಕೊಂಡು ಬನ್ನಿ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಮನೆ ಇದಲ್ಲ. ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತೇನೆ. ಉಂಡು ಒಬ್ಬರೇ ಹಿಂತಿರುಗಿ. ನ್ಯಾಯ ಪಂಚಾಯ್ತಿ ಎಂದು ಹಿರಿಯರನ್ನು ಕೂರಿಸಿದರೆ, ನಮ್ಮ ಕೋಣೆಯಲ್ಲಿ ಅಂದು ಏನಾಯಿತೆಂದು ಅವರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಇಷ್ಟು ದಿನ ನಾಚಿಕೆ ನನ್ನದೆಂದುಕೊಂಡಿದ್ದೆ.

ನಿಮ್ಮ ತಟಿಲ್ಲತಾದೇವಿಯನ್ನು ನೀವು ಬೇಕಾದ ಹಾಗೆ ಬರೆದುಕೊಳ್ಳಿ. ಒಲೆಯ ಮುಂದೆ ಕೂರಿಸಿ, ಪಾದ ಒತ್ತಿಸಿ. ಬೆಳಕವಾಡಿಯಲ್ಲಿ ಅದನ್ನು ಇನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಶನಿವಾರ ಮಿಂಚವ್ವನ ಕಥೆ ಇದೆ, ನಾನೇ ಹೇಳುತ್ತೇನೆ. ಪುಟ್ಟಮಾದಮ್ಮನ ನಂಟರು ಮಳವಳ್ಳಿಯಿಂದ ಬರುತ್ತಾರಂತೆ ಕೇಳಲು. ಅಜ್ಜಿಯ ಕಥೆಗಳು ನನಗೆ ಚೆನ್ನಾಗಿ ನೆನಪಿವೆ. ಒಂದನ್ನೂ ನಿಮಗೆ ಕೊಡುವುದಿಲ್ಲ.

ಮೈಯಲ್ಲಿ ಹುಷಾರಾಗಿರಿ. ಚಳಿ ಶುರುವಾದರೆ ನಿಮಗೆ ಕೆಮ್ಮು ಬರುತ್ತದೆ.

ಇಂತಿ,
ಬೆಳಕವಾಡಿಯ
ಜಯಲಕ್ಷ್ಮಮ್ಮ

ಮತ್ತೆ ಬರೆದದ್ದು: ಕಾಗದ ಮಡಚುವಾಗ ದೊಡ್ಡತಾಯಮ್ಮ ಬಂದಳು. 'ಗಂಡಂಗಾ?' ಎಂದಳು. ಹೌದೆಂದೆ. 'ನಮ್ಮ ಮಾತೂ ಬರುದ್ಯಾ? ಕತೆ ಬರಿಯೋನು ಅವ್ನೇ ತಾನೆ?' ಎಂದಳು. ಮೇಘವಾಹನ ಯಾರೆಂದು ನಾನು ಈ ಊರಲ್ಲಿ ಯಾರಿಗೂ, ಅಣ್ಣನಿಗೂ ಹೇಳಿರಲಿಲ್ಲ. ಹೇಗೆ ತಿಳಿಯಿತೆಂದು ಕೇಳಿದೆ. 'ಮೊದ್ಲ ವಾರವೇ ತಿಳೀತು ಕಣವ್ವ. ರಾಜ ಮಾತಾಡೋ ಕಡೆಲೆಲ್ಲ ನಿನ್ ದನಿ ಸಣ್ಣಗಾಗೋದು, ಕೈ ಎಡಗಿವಿಗೆ ಓಗೋದು. ಸನಿವಾರ ನಾವು ಅಷ್ಟು ಬೈದುದ್ದು ಅವ್ನಿಗೆ ಕೇಳ್ಲಿ ಅಂತಲ್ಲ, ನಿಂಗೆ ಕೇಳ್ಲಿ ಅಂತ' ಎಂದಳು. ಎಲ್ಲರಿಗೂ ಗೊತ್ತಿತ್ತಂತೆ. ಬೆಳ್ಳಮ್ಮನಿಗೂ. ಹೋಗು ಎಂದು ಅವಳು ಹೇಳಿದ್ದು ನನಗೇ. ಈಗ ಮನಸ್ಸು ಬದಲಾಯಿಸಿದ್ದಾಳೆ. ಸೋಮವಾರ ಬಸ್ಸು ಬರುವ ಹೊತ್ತಿಗೆ ಎಲ್ಲರಿಗಿಂತ ಮುಂದೆ, ನನ್ನ ಪಕ್ಕದಲ್ಲಿ, ತಾನೇ ನಿಲ್ಲುತ್ತಾಳಂತೆ.