ಮೆಟ್ಟಿಲಿಳಿದವಳು

ಹಾಲಿವುಡ್
೨ ಮೇ ೧೯೩೧

ಪ್ರೀತಿಯ ಅಮ್ಮನಿಗೆ, ನಿನ್ನ ವಿಸಿತಾಸಿಯೋನ್ ಮಾಡುವ ವಂದನೆಗಳು.

ಸ್ಟುಡಿಯೋದ ಸ್ಪ್ಯಾನಿಶ್ ವಿಭಾಗವನ್ನು ನಿನ್ನೆ ಮುಚ್ಚಿದರು. ಸುದ್ದಿ ತಂದವಳು ಮೇಕಪ್ ಕೋಣೆಯ ಎರ್ಮಿನಿಯಾ, ಮೆಕ್ಸಿಕೋದವಳು. "ಗಂಟುಮೂಟೆ ಕಟ್ಟಮ್ಮಾ ಮಹಾರಾಣಿ. ನಮ್ ಸಿನಿಮಾದಲ್ಲಿ ಒಂದೇ ಮನೇಲಿ ಅಪ್ಪ ಹವಾನಾದೋರ ಥರ, ಮಗ ಮ್ಯಾಡ್ರಿಡ್‌ನೋರ ಥರ ಸ್ಪ್ಯಾನಿಶ್ ಮಾತಾಡಿದ್ರೆ ಜನ ಕೊಲೆಗಾರನ್ನ ಹುಡುಕ್ತಾರಾ? ನಗ್ತಾರೆ ಅಷ್ಟೆ" ಅಂದಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಸಾಕಾಗಿದೆ. ಊರಿಗೆ ಬರುತ್ತಿದ್ದೇನೆ.

ಅದಕ್ಕೆ ಮೊದಲು ಒಂದು ವಿಷಯ ಹೇಳಬೇಕು. ನನ್ನ ಪತ್ತೇದಾರಿ ಚಿತ್ರ ನೋಡಲು ನೀನು ಸರಗೊಸಾಕ್ಕೆ ಹೋಗಿದ್ದೆಯಂತೆ; ಕೊಲೆಯಾದವನ ಹೆಂಡತಿಯ ಪಾತ್ರದಲ್ಲಿ ನಾನು, ಈ ಕುಂಟುಗಾಲಿನವಳು, ಅಷ್ಟುದ್ದದ ಮೆಟ್ಟಿಲನ್ನು ಕುಂಟದೆ ಇಳಿದದ್ದನ್ನು ಕಣ್ಣಾರೆ ಕಂಡೆ ಎಂದು ನೀನು ಬರೆದಿದ್ದೆ. ಅಲ್ಲೇ ಎದ್ದು ನಿಂತು, "ನೋಡ್ರೇ, ನನ್ ಮಗಳ ಕಾಲು!" ಎಂದು ಕೂಗಿದೆಯಂತೆ. ನಮ್ಮೂರು ಕಲಾಂದಾದಲ್ಲಿ ಹಿಂದೊಮ್ಮೆ ಒಬ್ಬನಿಗೆ ಕಡಿದ ಕಾಲನ್ನೇ ಮರಳಿ ಕೊಟ್ಟ ಪಿಲಾರ್ ಮಾತೆಗೆ ಒಂದು ಕುಂಟು ಯಾವ ಲೆಕ್ಕ ಎಂದು ಊರೆಲ್ಲ ಹೇಳಿ, ಚರ್ಚಿನಲ್ಲಿ ಹರಕೆಯ ಬೆಳ್ಳಿ ಕಾಲು ತೂಗುಹಾಕಿಸಿದ್ದೀಯೆ.

ಅಮ್ಮ, ಆ ಮೆಟ್ಟಿಲಿಳಿದವಳು ನಾನಲ್ಲ. ಇಲ್ಲಿ ಮೊದಲು ಇಂಗ್ಲಿಷ್ ಚಿತ್ರ ತೆಗೆಯುತ್ತಾರೆ. ಆಮೇಲೆ ಅದೇ ಮನೆಯಲ್ಲಿ, ಅದೇ ಉಡುಪಿನಲ್ಲಿ ಸ್ಪ್ಯಾನಿಶ್‌ನಲ್ಲಿ ನಾವು. ಮುಖ ಕಾಣದಷ್ಟು ದೂರದ ದೃಶ್ಯಗಳನ್ನು ಮತ್ತೆ ತೆಗೆಯುವುದಿಲ್ಲ. ಅವರದನ್ನೇ ತಂದು ನಮ್ಮದರ ನಡುವೆ ಅಂಟಿಸುತ್ತಾರೆ. ಇಳಿದು ಬಂದವಳು ಇಂಗ್ಲಿಷ್ ಚಿತ್ರದ ನಟಿ. ಕೆಳಗೆ ಕುರ್ಚಿಯಲ್ಲಿ ಕುಳಿತು ಪತ್ತೇದಾರನಿಗೆ ಉತ್ತರ ಕೊಟ್ಟವಳು ನಾನು. ನಿರ್ದೇಶಕರು ನನ್ನನ್ನು ಆರಿಸಿದ್ದೇ, "ನಡೆಯೋ ಕೆಲಸ ಅವಳು ಮುಗಿಸಿದಾಳೆ, ನೀನು ಬಾಯಿ ಬಿಟ್ರೆ ಸಾಕು ಕಣಮ್ಮ" ಎಂದು.

ಪಾದ್ರಿಗಳಿಗೆ ನೀನೇ ಹೇಳು. ಬೆಳ್ಳಿ ಕಾಲನ್ನು ಇಳಿಸುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಊರವರು ನನ್ನನ್ನು ಆಡಿಕೊಂಡರೆ ಅಭ್ಯಾಸವಿದೆ. ನಿನ್ನನ್ನು ಆಡಿಕೊಳ್ಳುತ್ತಾರಲ್ಲ ಎಂಬುದೇ ಸಂಕಟ. ನಾನು ಬಸ್ಸಿಳಿಯುವಾಗ, ಎಲ್ಲರ ಎದುರು ನಿನಗಿದು ಗೊತ್ತಾಗಬಾರದು.

ನಿನ್ನ ಮಗಳು,
ವಿಸಿತಾಸಿಯೋನ್

ತಾ.ಕ.: ನಿನ್ನ ಆ ಕಾಗದ ಬಂದು ಏಳು ವಾರವಾಯಿತು. ಉತ್ತರ ತಡವಾದದ್ದು ಕೆಲಸದಿಂದಲ್ಲ. ದಿನಾ ಅದನ್ನು ತೆಗೆದು ಓದುತ್ತಿದ್ದೆ. ಅದರಲ್ಲಿ ನಾನು ನೆಟ್ಟಗೆ ನಡೆಯುತ್ತಿದ್ದೆ. ಹಡಗು ಜೂನ್ ೯, ಮಂಗಳವಾರ ಬೆಳಿಗ್ಗೆ ಬಾರ್ಸಿಲೋನಾ ತಲುಪುತ್ತದೆ.