ಜಗನ್ ಕಾದಿದ್ದ ಎರಡನೇ ಭಾಗ

ಮಾರ್ಚ್ ೧೪, ಶನಿವಾರ. ಅಲ್ಲಾಳಸಂದ್ರ.

ತಮ್ಮ ಜಗನ್ ವರ್ಷಗಟ್ಟಲೆ ಕಾದಿದ್ದ ವಿಡಿಯೋ ಗೇಮಿನ ಎರಡನೇ ಭಾಗವನ್ನು ಇವತ್ತು ನಾನೇ ತಂದುಕೊಟ್ಟೆ. ತರಬಾರದಿತ್ತು.

ಮೊದಲ ಭಾಗದಲ್ಲಿ ಅವನು ಕೆಂಪಾಪುರದ ಗೆಳೆಯರನ್ನೆಲ್ಲ ಸೋಲಿಸುತ್ತಿದ್ದ. ಆಗ ಸ್ನಾಯುಗಳನ್ನು ತಿನ್ನುವ ಕಾಯಿಲೆ ಅವನ ಕಾಲುಗಳನ್ನು ಮಾತ್ರ ಹಿಡಿದಿತ್ತು, ಕೈಯಲ್ಲಿ ಬಲವಿತ್ತು. ಹೊಸದು ನಿಜಕ್ಕೂ ಚೆಂದವಿದೆ. ಶನಿಗ್ರಹದ ಬಳೆಗಳ ಮೇಲೆ ಬಿಸಿಲು ಬೀಳುವುದನ್ನು ನೋಡಲು ಅಮ್ಮ ಕೂಡ ಅಡುಗೆಮನೆಯಿಂದ ಬಂದು ನಿಂತಳು. ಬಂದೂಕಿನ ಸದ್ದು ಎದೆಗೇ ತಾಕುತ್ತದೆ. ಕಥೆ ಮಾತ್ರ ಹಳೆಯದೇ. ಆದರೆ ಶತ್ರುಗಳು ಈಗ ಒಂದು ಕಡೆ ನಿಲ್ಲುವುದಿಲ್ಲ. ಓಡುತ್ತಲೇ ಹಾರಬೇಕು, ಹಾರುತ್ತಲೇ ಗುರಿಯಿಡಬೇಕು. ಜಗನ್‌ನ ಹೆಬ್ಬೆರಳು ಒಂದು ಬಟನ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವನ ಸೈನಿಕ ಸತ್ತು ಬಿದ್ದಿರುತ್ತಿದ್ದ. ತೀರಾ ಸುಲಭದ ಹಂತಕ್ಕೆ ಇಳಿಸಿದೆವು. ಆದರೂ ಮಧ್ಯಾಹ್ನವೆಲ್ಲ ಮೊದಲ ಬಾಗಿಲು ದಾಟಲಾಗಲಿಲ್ಲ.

"ಗ್ರಾಫಿಕ್ಸ್ ಸೂಪರ್ ಅಕ್ಕ. ಕಂಟ್ರೋಲ್ಸ್ ಮಾತ್ರ ಹಾಳ್ ಮಾಡ್ಬಿಟ್ಟಿದಾರೆ," ಅಂದ.

"ಹೌದು ಕಣೋ. ಹಳೇದೇ ಚೆನ್ನಾಗಿತ್ತು. ಅದನ್ನೇ ಹಾಕ್ಲಾ?"

ಅವನು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಬೇಡ. ಹೋದ್ ತಿಂಗಳೇ ಆಡಿ ನೋಡ್ದೆ. ಅದೂ ಆಗ್ತಿಲ್ಲ."

ನಾವ್ಯಾರೂ ಮನೆಯಲ್ಲಿ ಇಲ್ಲದಾಗ ಆಡಿದ್ದನಂತೆ.

ಕೈಗಳಿಗೆ ಇನ್ನೂ ಸಮಯವಿದೆ ಎಂದು ಡಾಕ್ಟರು ಹೇಳಿದ್ದನ್ನೇ ನಂಬಿಕೊಂಡು ನಾನು ಪೆಟ್ಟಿಗೆಯನ್ನು ಅಷ್ಟು ಖುಷಿಯಿಂದ ಅವನ ಮಡಿಲಲ್ಲಿಟ್ಟಿದ್ದೆ. ಆಗಲೇ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಹೊತ್ತು ಸೋಲುತ್ತಾ ಕೂತಿದ್ದು, ನಾನು ತಂದೆನಲ್ಲ ಅಂತ, ನನಗೆ ಬೇಜಾರಾಗಬಾರದು ಅಂತ.