ಎಂಟು ಚೌಕಗಳಿಗೆ ಸೊನ್ನೆ

ಮೌಲ್ಯಮಾಪನ ವಿಭಾಗದ ಮುಖ್ಯಸ್ಥರೇ,

ಏಳನೇ ತರಗತಿಯಲ್ಲಿ ಅನುಪಾತದ ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದ ನನ್ನ ಮಗಳಿಗೆ ನಿಮ್ಮ ವಿಭಾಗ ಸೊನ್ನೆ ಕೊಟ್ಟಿದೆ. ಕಾರಣ, ಅವಳು ಚಿತ್ರ ಬರೆದು ಉತ್ತರ ಕಂಡುಹಿಡಿದಳು. ಆ ಸೊನ್ನೆಗಳಿಂದಾಗಿ ಮುಂದಿನ ವರ್ಷ ಅವಳು ಗಣಿತದ ತರಗತಿಗೆ ಹೋಗುವಂತಿಲ್ಲ. ‘ಸುಲಭ ಲೆಕ್ಕ’ದ ಬೇರೆ ಕೋಣೆಯಲ್ಲಿ ಕೂರಬೇಕು. ಸಿಟ್ಟಿನಿಂದ ಬರೆಯೋಣವೆಂದು ಕೂತೆ, ಸಿಟ್ಟೇ ಬರುತ್ತಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ತುಳಿದಂತಿದೆ. ತುಳಿದದ್ದು ಕಾಣುತ್ತದೆ, ಅಷ್ಟೇ.

ಪ್ರಶ್ನೆ ನಿಮ್ಮದೇ. ತಂಗಿ ಮತ್ತು ಅಕ್ಕನ ಬಳಿ ಇರುವ ಗೋಲಿಗಳ ಅನುಪಾತ ಮೂರಕ್ಕೆ ಐದು, ಅಂದರೆ 3:5. ಅಕ್ಕನ ಬಳಿ ಹನ್ನೆರಡು ಹೆಚ್ಚಿವೆ. ಒಟ್ಟು ಎಷ್ಟು? ಎರಡು ಅಂಕಿಗಳ ನಡುವಿನ ಆ ಎರಡು ಚುಕ್ಕಿ ನನ್ನ ಮಗಳಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಅವಳ ಟೀಚರ್ ಒಂದು ದಿನ ಬೋರ್ಡಿನ ಮೇಲೆ ಸಾಲಾಗಿ ಮೂರು ಚೌಕ, ಅದರ ಕೆಳಗೆ ಐದು ಚೌಕ ಬರೆದರಂತೆ. ಕೆಳಗಿನ ಸಾಲಿನಲ್ಲಿ ಹೆಚ್ಚಾಗಿರುವ ಎರಡು ಚೌಕವೇ ಆ ಹನ್ನೆರಡು. ಹಾಗಾದರೆ ಒಂದು ಚೌಕಕ್ಕೆ ಆರು, ಎಂಟು ಚೌಕಕ್ಕೆ ನಲವತ್ತೆಂಟು. ಅವತ್ತು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, “ಅಮ್ಮಾ, ಇಷ್ಟೇನಾ ಇದು! ಇಷ್ಟಕ್ಕೇನಾ ನಾನು ಅಳ್ತಿದ್ದಿದ್ದು!” ಎಂದಳು. ಆಮೇಲೆ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಯೂ ಉಳಿಯಲಿಲ್ಲ, ಎಲ್ಲೆಲ್ಲೂ ಚೌಕಗಳೇ.

ಪರೀಕ್ಷೆಯಲ್ಲೂ ಅದನ್ನೇ ಬರೆದಳು. ಅವಳ ಪಕ್ಕದ ಬೆಂಚಿನ ಗೆಳತಿ ‘x ಆಗಿರಲಿ’ ಎಂದು ಶುರುಮಾಡಿ, ಹೆಚ್ಚಿರುವ ಹನ್ನೆರಡನ್ನೇ ಒಟ್ಟು ಎಂದುಕೊಂಡು, ತಂಗಿಗೆ ನಾಲ್ಕೂವರೆ ಗೋಲಿ ಕೊಟ್ಟಳು. ಅವಳಿಗೆ ಅರ್ಧ ಅಂಕ ಸಿಕ್ಕಿತು, ಕ್ರಮ ಸರಿಯಿದೆಯಂತೆ. ಆ ಮಗುವಿನ ಅಂಕ ಕೀಳಿ ಎನ್ನುತ್ತಿಲ್ಲ ನಾನು. ಆದರೆ ಅರ್ಧ ಗೋಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಸ್ವಾಮಿ?

ನಿಮ್ಮ ಕಚೇರಿಗೆ ಬಂದಿದ್ದೆ. ನಾನೂ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂರುವವಳು. ಕಿಂಡಿಯ ಮುಂದೆ ನಿಂತವರ ಮುಖ ಹೇಗಿರುತ್ತದೆಂದು ಗೊತ್ತು. ನಿಮ್ಮ ಗುಮಾಸ್ತರು ಉತ್ತರಪತ್ರಿಕೆ ತಿರುವಿ ಹೇಳಿದರು: “ಉತ್ತರ ಸರಿಯಾಗೇ ಇದೆ ಕಣಮ್ಮ. ಆದ್ರೆ ವಿಧಾನ ಎಲ್ಲಿದೆ?”

“ಈ ಚೌಕಗಳೇ ವಿಧಾನ ಅಲ್ವಾ ಸಾರ್?”

“ಚಿತ್ರ ಬರೆಯೋ ಆಸೆ ಇದ್ರೆ ಡ್ರಾಯಿಂಗ್ ಪರೀಕ್ಷೇಲಿ ಬರೀಲಿ ಬಿಡಿ. ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ನಾವು ಅಂಕ ಕೊಡೋ ಹಾಗಿಲ್ಲ.”

ಅವರ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡದೊಂದು ಫಲಕವಿತ್ತು. ಈ ವರ್ಷ ತೇರ್ಗಡೆಯಾದವರಿಗೆ ಉದ್ದನೆಯ ಹಸಿರು ಪಟ್ಟಿ, ನಪಾಸಾದವರಿಗೆ ಗಿಡ್ಡನೆಯ ಕೆಂಪು ಪಟ್ಟಿ. ನೋಡಿದ ಕೂಡಲೇ ಅರ್ಥವಾಯಿತು. ಮಾನ್ಯರೇ, ಅನುಪಾತವನ್ನು ನಿಮಗೆ ಚಿತ್ರ ಬರೆದು ತೋರಿಸಬೇಕು, ಹನ್ನೆರಡು ವರ್ಷದ ಮಗುವಿಗೆ ಮಾತ್ರ ಬೇಡವೇ? ಆ ಕೆಂಪು ಪಟ್ಟಿಯಲ್ಲಿ ನನ್ನ ಮಗಳೂ ಇದ್ದಾಳೆ. ಇಷ್ಟನ್ನು ಅಲ್ಲೇ ಕೇಳಬೇಕಿತ್ತು. ಹಿಂದೆ ಸಾಲಿತ್ತು, ಸರಿದು ನಿಂತೆ.

ಈಗ ಅವಳ ಟೀಚರ್ ಮಕ್ಕಳಿಗೆ ಹೊಸ ಪಾಠ ಹೇಳಿಕೊಡುತ್ತಿದ್ದಾರೆ. ಪೆನ್ಸಿಲಿನಲ್ಲಿ ತೆಳ್ಳಗೆ ಚೌಕ ಬರೆಯಿರಿ, ಉತ್ತರ ಕಂಡುಕೊಳ್ಳಿ, ಚೌಕ ಅಳಿಸಿ, ಅದರ ಮೇಲೆ ‘x ಆಗಿರಲಿ’ ಎಂದು ಬರೆಯಿರಿ. ಪಾಪ, ಅವರು ತಾನೇ ಏನು ಮಾಡಿಯಾರು? ಅರ್ಥವಾದದ್ದನ್ನು ಕದ್ದ ಮಾಲಿನ ಹಾಗೆ ಬಚ್ಚಿಡುವುದನ್ನು ಮಕ್ಕಳು ಬೇಗ ಕಲಿತಿದ್ದಾರೆ. ನನ್ನ ಮಗಳು ಮಾತ್ರ ಕಲಿಯಲಿಲ್ಲ. ಅವಳು ಬರೆಯುವುದನ್ನೇ ಬಿಟ್ಟಿದ್ದಾಳೆ. ಲೆಕ್ಕ ಕೇಳಿದರೆ “ಬರಲ್ಲ” ಎನ್ನುತ್ತಾಳೆ. ಅಳುವುದೂ ಇಲ್ಲ, ಅತ್ತಿದ್ದರೆ ವಾಸಿಯಿತ್ತು. ಮೊನ್ನೆ ಪಕ್ಕದಲ್ಲಿ ಕೂರಿಸಿಕೊಂಡು, “ನಿನ್ನ ಉತ್ತರ ಸರಿ ಇತ್ತು ಕಣೇ, ಆಫೀಸಿನವರೇ ಹೇಳಿದ್ರು,” ಎಂದೆ. ನನ್ನ ಮುಖ ಕೂಡ ನೋಡದೆ, “ನೀನು ಅಮ್ಮ. ನೀನು ಹಾಗೇ ಹೇಳ್ತೀಯ,” ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಉತ್ತರಪತ್ರಿಕೆಯನ್ನು ಮತ್ತೆ ತರಿಸಿ, ನೀವೇ ನೋಡಿ. ಚೌಕಗಳಿಗೆ ಅಂಕ ಕೊಡಿ, ಅವಳನ್ನು ಗಣಿತದ ತರಗತಿಗೆ ಕಳಿಸಿ. ನಿಯಮ ಅಡ್ಡ ಬಂದರೆ ನಿಯಮ ತಿದ್ದಿ. ಅದನ್ನು ಬರೆದದ್ದೂ ಮನುಷ್ಯರೇ. ಅದಕ್ಕೂ ಮೊದಲು, ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು, ಆ ಗುಮಾಸ್ತರೇ ಆದರೂ ಸರಿ, ನಮ್ಮ ಮನೆಗೆ ಬಂದು, ನನಗೆ ಹೇಳಿದ ಅದೇ ಮಾತನ್ನು ಅವಳಿಗೆ ಹೇಳಲಿ. ನಲವತ್ತೆಂಟು ಸರಿ ಎಂದು ಹೇಳಲಿ. ನಿಮ್ಮವರು ಹೇಳಿದರೆ ಅವಳು ನಂಬುತ್ತಾಳೆ.

ಇಂತಿ,
ಸರಿಯುತ್ತರಕ್ಕೆ ಸಾಕ್ಷಿಯಾಗಲು ಅರ್ಹಳಲ್ಲದ,
ಒಬ್ಬ ಅಮ್ಮ